ಎಂಟು ಗೋಡೆಗಳ ಮನೆ: ಹೆಪ್ಟನ್‌ಸ್ಟಾಲ್ ಚಾಪೆಲ್ ನೋಡಲು ಹೋದ ನಾಲ್ಕು ದಿನ

ಮೊದಲನೇ ದಿನ

ಹೆಬ್ಡನ್ ಬ್ರಿಡ್ಜ್ ಸ್ಟೇಷನ್ನಿನಲ್ಲಿ ಇಳಿದಾಗ ಮಳೆ ಆಗಷ್ಟೇ ನಿಂತಿತ್ತು. ಲೀಡ್ಸ್‌ನಲ್ಲಿರುವ ತಮ್ಮನ ಮನೆಯಿಂದ ಇಲ್ಲಿಗೆ ರೈಲಿನಲ್ಲಿ ಒಂದು ಗಂಟೆಯೂ ಹಿಡಿಯುವುದಿಲ್ಲ. ಯಾರ್ಕ್‌ಷೈರಿನ ಪಶ್ಚಿಮದ ಅಂಚು ಇದು. ಕಣಿವೆ ತುಂಬಾ ಇಕ್ಕಟ್ಟು. ಜಾಗ ಸಾಲದೆ ಇಳಿಜಾರಿನಲ್ಲಿ ಮನೆಯ ಮೇಲೆ ಮನೆ ಕಟ್ಟಿದ್ದಾರೆ. ಕೆಳಗಿನ ಮನೆಗೆ ಕೆಳಬೀದಿಯಿಂದ ಬಾಗಿಲು, ಅದರ ತಲೆಯ ಮೇಲಿನ ಮನೆಗೆ ಹಿಂದಿನ ಮೇಲ್ಬೀದಿಯಿಂದ ಬಾಗಿಲು. ಊರೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ.

ನಾನು ನೋಡಬೇಕೆಂದು ಬಂದದ್ದು ಇನ್ನೂ ಮೇಲಿತ್ತು. ಗುಡ್ಡದ ನೆತ್ತಿಯಲ್ಲಿರುವ ಹೆಪ್ಟನ್‌ಸ್ಟಾಲ್ ಎಂಬ ಹಳ್ಳಿ. ಅಲ್ಲಿ 1764ರಲ್ಲಿ ಕಟ್ಟಿದ ಒಂದು ಚಾಪೆಲ್ ಇದೆ, ಮೆಥಡಿಸ್ಟ್ ಎಂಬ ಕ್ರೈಸ್ತ ಪಂಗಡದವರ ಪ್ರಾರ್ಥನೆಯ ಮನೆ. ಅದಕ್ಕೆ ನಾಲ್ಕಲ್ಲ, ಎಂಟು ಗೋಡೆ.

ಮೈಸೂರಿನವಳಿಗೆ ಇದರ ಮೇಲೆ ಯಾಕಿಷ್ಟು ಆಸೆ ಅಂತ ತಮ್ಮ ಕೇಳಿದ್ದ. ನಾವಿಬ್ಬರೂ ಹುಟ್ಟಿದ್ದು ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆಯಲ್ಲಿ. 1906ರಲ್ಲಿ ಅದನ್ನು ಶುರು ಮಾಡಿದವರು ವೆಸ್ಲಿಯನ್ ಮಿಷನ್‌ನವರು. ವೆಸ್ಲಿ ಚರ್ಚು, ವೆಸ್ಲಿ ಪ್ರೆಸ್ಸು ಅಂತ ಆ ಹೆಸರು ನಮ್ಮ ಊರಿನಲ್ಲಿ ಬಾಯಿಗೆ ಬಾಯಿಗೆ ಬರುತ್ತದೆ. ಮೆಥಡಿಸ್ಟ್ ಪಂಗಡ ಶುರುವಾಗಲು ಕಾರಣನಾದ ಆ ಜಾನ್ ವೆಸ್ಲಿ ನಿಂತು ಮಾತಾಡಿದ ಒಂದು ಮನೆ, ಅವನ ಕಾಲದ್ದೇ, ಇನ್ನೂ ಗಟ್ಟಿಯಾಗಿ ನಿಂತಿದೆ ಅಂದಮೇಲೆ ನೋಡದೆ ಹೋಗೋದು ಹೇಗೆ?

ಮೇಲಕ್ಕೆ ಬಸ್ಸಿದೆ. ಆದರೆ ಹಳೇ ದಾರಿಯಲ್ಲೇ ಹತ್ತಬೇಕು ಅನ್ನಿಸಿತು. ಅದರ ಹೆಸರು ಬಟ್ರೆಸ್. ಹೇರು ಕುದುರೆಗಳ ದಾರಿ, ಪೂರ್ತಿ ಕಲ್ಲು ಹಾಸಿದ್ದು. ಎಷ್ಟು ಕಡಿದು ಅಂದರೆ ನಾಲ್ಕು ಸಲ ನಿಂತು ಉಸಿರು ತೆಗೆದುಕೊಂಡೆ. ಒದ್ದೆ ಕಲ್ಲಿನ ಮೇಲೆ ಕಾಲು ಜಾರುತ್ತಿತ್ತು. ಕಣಿವೆಯ ತಳದಲ್ಲಿ ರಸ್ತೆ, ಕಾಲುವೆ, ರೈಲು ಬರುವ ಮೊದಲು ಉಣ್ಣೆ, ಬಟ್ಟೆ, ಸುಣ್ಣ ಎಲ್ಲ ಕುದುರೆ ಬೆನ್ನ ಮೇಲೆ ಇಂಥ ದಾರಿಗಳಲ್ಲೇ ಓಡಾಡಿದ್ದು. ಈ ಏರು ಕಾಲಿಗೆ ನೆನಪಿದ್ದರೆ ನಾಳೆಯ ಒಂದು ಕಥೆ ಚೆನ್ನಾಗಿ ಅರ್ಥವಾಗುತ್ತದೆ.

ಮೇಲೆ ಹೋದರೆ ಊರು ಕಪ್ಪು. ಇಲ್ಲಿಯ ಕಲ್ಲು ಬೀಸುಕಲ್ಲಿನ ಜಾತಿಯದು, ದಪ್ಪ ಕಾಳಿನ ಮರಳುಗಲ್ಲು. ಮೂಲ ಬಣ್ಣ ಜೇನಿನಂಥ ಹಳದಿ. ಕೆಳಗಿನ ಗಿರಣಿಗಳ ಹೊಗೆ ತಿಂದು ತಿಂದು ಮಸಿಯಾಗಿದೆ. ಮನೆಗಳ ಮೇಲಂತಸ್ತಿನಲ್ಲಿ ಕಿಟಕಿಗಳು ಒಂದರ ಪಕ್ಕ ಒಂದು, ನಡುವೆ ಸಣ್ಣ ಕಲ್ಲಿನ ಕಂಬ ಬಿಟ್ಟರೆ ಗೋಡೆಯೇ ಇಲ್ಲ ಅನ್ನುವ ಹಾಗೆ. ಅದನ್ನು ನೋಡಿದ ಕೂಡಲೇ ಗೊತ್ತಾಯಿತು: ಒಳಗೆ ಮಗ್ಗ ಇತ್ತು. ಕೊಳ್ಳೇಗಾಲದ ನಮ್ಮ ತಾತ ರೇಷ್ಮೆ ನೇಯುತ್ತಿದ್ದರು. ಮೋಡ ಕವಿದ ದಿನ ಎಳೆ ಕಾಣದೆ ಮಗ್ಗ ಬಿಟ್ಟು ಎದ್ದು ಬರುತ್ತಿದ್ದರು. ವರ್ಷದ ಅರ್ಧ ಭಾಗ ಮೋಡ ಇರುವ ಈ ಊರಿನಲ್ಲಿ ನೇಕಾರರು ಬೆಳಕಿಗಾಗಿ ಗೋಡೆಯನ್ನೇ ಕಿಟಕಿ ಮಾಡಿಕೊಂಡಿದ್ದಾರೆ.

ಊರ ನಡುವೆ ಒಂದೇ ಅಂಗಳದಲ್ಲಿ ಎರಡು ಚರ್ಚು. ಹಳೆಯದು ಹದಿಮೂರನೇ ಶತಮಾನದಲ್ಲಿ ಶುರುವಾದದ್ದು. 1847ರ ಬಿರುಗಾಳಿಗೆ ಹಾನಿಯಾಗಿ ಈಗ ಚಾವಣಿ ಇಲ್ಲದೆ ನಿಂತಿದೆ. ಪಕ್ಕದ ಹೊಸದು 1854ರಲ್ಲಿ ಮುಗಿಯಿತು. ನಾಣ್ಯದ ಅಂಚು ಕತ್ತರಿಸಿ ಖೋಟಾ ನಾಣ್ಯ ಮಾಡುತ್ತಿದ್ದ ಗುಂಪಿನ ನಾಯಕ ಡೇವಿಡ್ ಹಾರ್ಟ್ಲಿಯ ಸಮಾಧಿಯೂ ಇಲ್ಲೇ ಇದೆ. 1770ರಲ್ಲಿ ಯಾರ್ಕ್‌ನಲ್ಲಿ ಅವನನ್ನು ಗಲ್ಲಿಗೆ ಹಾಕಿದರು. ಹಳೇ ಚರ್ಚನ್ನು ನೋಡಿದ ವೆಸ್ಲಿ, ತಾನು ಕಂಡ ಚರ್ಚುಗಳಲ್ಲೆಲ್ಲ ಇದೇ ಕುರೂಪಿ ಅಂತ 1786ರಲ್ಲಿ ಬರೆದ. ನನಗೆ ಹಾಗೆ ಕಾಣಲಿಲ್ಲ. ಕಮಾನುಗಳ ನಡುವೆ ಹುಲ್ಲು ಬೆಳೆದು, ಆಕಾಶವೇ ಚಾವಣಿಯಾಗಿ, ಸುಮ್ನೆ ಕೂರೋಣ ಅನ್ನಿಸುವ ಜಾಗ ಅದು.

ಚಾಪೆಲ್ ಹತ್ತಿರ ಹೋಗುವಷ್ಟರಲ್ಲಿ ಸಂಜೆಯಾಗಿತ್ತು. ಬಾಗಿಲು ಹಾಕಿತ್ತು. ಗೇಟಿನಿಂದಲೇ ನೋಡಿ ಇಳಿದು ಬಂದೆ.

ಎರಡನೇ ದಿನ

ಇವತ್ತು ಬೆಳಿಗ್ಗೆ ಬಸ್ಸಿನಲ್ಲೇ ಹತ್ತಿದೆ. ನಾರ್ತ್‌ಗೇಟ್ ಎಂಬ ಸಣ್ಣ ಬೀದಿಯಿಂದ ಇಳಿಜಾರಿಗೆ ಇಳಿದರೆ ಚಾಪೆಲ್. ಚರ್ಚಿನ ಹಾಗೆ ಊರ ನೆತ್ತಿಯ ಮೇಲೆ ಕೂತಿಲ್ಲ. ಗೋಪುರ ಇಲ್ಲ. ದೂರದಿಂದ ಬರುವವರಿಗೆ ಇಲ್ಲೊಂದು ದೇವರ ಮನೆ ಇದೆ ಅಂತ ಸಾರುವ ಯಾವ ಗುರುತೂ ಇಲ್ಲ. ಸುತ್ತ ಸಮಾಧಿ ಕಲ್ಲುಗಳು, ಆಚೆ ಕಣಿವೆ.

ಬಾಗಿಲು ತೆರೆದದ್ದು ಊರಿನ ಒಬ್ಬ ಹಿರಿಯ ಮಹಿಳೆ. "ಮೊದಲು ಹೊರಗೆ ನೋಡಿ, ಆಮೇಲೆ ಒಳಗೆ ಬನ್ನಿ" ಅಂದರು. ಒಳ್ಳೆಯ ಮಾತು. ಹೊರಗೆ ನೋಡದೆ ಒಳಗೆ ಹೋದರೆ ಈ ಕಟ್ಟಡದ ಅರ್ಧ ಕಥೆ ತಪ್ಪಿಹೋಗುತ್ತದೆ.

ಗೋಡೆಗೆ ಅಂಗೈ ಇಟ್ಟೆ. ಕಲ್ಲು ತಣ್ಣಗೆ, ಒದ್ದೆಯಾಗಿ, ದಪ್ಪ ರವೆಯ ಹಾಗೆ ಕೈಗೆ ಸಿಗುತ್ತದೆ. ಬೆರಳಿನಿಂದ ಉಜ್ಜಿದರೆ ಒಂದೆರಡು ಕಾಳು ಉದುರಿದವು. ಒಂದು ಕಾಳು ಬೆಳಕಿಗೆ ಹಿಡಿದರೆ ಅರೆ ಪಾರದರ್ಶಕ, ಕಲ್ಲುಸಕ್ಕರೆ ಚೂರಿನ ಹಾಗೆ. ಮೇಲೆ ಮಸಿ, ಒಳಗೆ ಬೆಳಕು. ಈ ಗುಡ್ಡದ್ದೇ ಕಲ್ಲು ಇದು. ನೇಕಾರರ ಮನೆಗೂ ಇದೇ, ಚಾಪೆಲ್‌ಗೂ ಇದೇ.

ಆಮೇಲೆ ಗೋಡೆ ಹಿಡಿದು ನಡೆದೆ. ಒಂದು ಗಿಡ್ಡ ಓರೆ ಗೋಡೆ. ಮುಂದಿನದು ಉದ್ದ. ಮತ್ತೆ ಗಿಡ್ಡ. ಎಂಟು ಗೋಡೆಯೂ ಸಮ ಇರಬೇಕಿತ್ತು, ಅಲ್ವಾ? ಇಲ್ಲ. ಎದುರುಬದುರಿನ ಎರಡು ಗೋಡೆ ಮಾತ್ರ ಉದ್ದ. ಅದು ಕಟ್ಟಿದವರ ತಪ್ಪಲ್ಲ. ಈ ಉದ್ದದಲ್ಲೇ ಇಡೀ ಊರಿನ ಕಥೆ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಎಂಟು ಮೂಲೆ ಯಾಕೆ ಅನ್ನುವುದು. ವೆಸ್ಲಿ ಸಾಯುವ ತನಕ ಇಂಗ್ಲೆಂಡಿನ ಅಧಿಕೃತ ಚರ್ಚಿನ ಪಾದ್ರಿಯಾಗಿಯೇ ಉಳಿದ. ತನ್ನ ಜನ ಚರ್ಚು ಬಿಡಬಾರದು, ರೊಟ್ಟಿ ದ್ರಾಕ್ಷಾರಸದ ಸಂಸ್ಕಾರಕ್ಕೆ ಅಲ್ಲಿಗೇ ಹೋಗಬೇಕು ಅನ್ನುವುದು ಅವನ ಮಾತು. ಹಾಗಾದರೆ ಮೆಥಡಿಸ್ಟರು ಕಟ್ಟಿಕೊಂಡ ಮನೆ ಯಾತಕ್ಕೆ? ಕೇಳೋಕೆ. ಉಪದೇಶ ಕೇಳೋಕೆ, ಸೇರಿ ಹಾಡೋಕೆ. ಅವರು ಅದನ್ನು ಚರ್ಚು ಅಂತ ಕರೆಯಲೇ ಇಲ್ಲ, ಉಪದೇಶದ ಮನೆ ಅಂತ ಕರೆದರು. ಚರ್ಚು ಉದ್ದಕ್ಕೆ ಇರುತ್ತದೆ, ಎಲ್ಲರ ಕಣ್ಣು ದೂರದ ವೇದಿಕೆಯ ಕಡೆ. ಕೇಳುವ ಮನೆಗೆ ಆ ಉದ್ದ ಬೇಡ. ನಮ್ಮಲ್ಲಿ ಹರಿಕಥೆ ಆದಾಗ ಜನ ಹೇಗೆ ಕೂರುತ್ತಾರೆ? ದಾಸರ ಮುಂದೆ ಅರ್ಧಚಂದ್ರಾಕಾರದಲ್ಲಿ, ಎಷ್ಟು ಹತ್ತಿರ ಸಾಧ್ಯವೋ ಅಷ್ಟು ಹತ್ತಿರ. ಆ ಗುಂಪಿನ ಸುತ್ತ ಒಂದು ಗೋಡೆ ಎಬ್ಬಿಸಿದರೆ ಹೆಚ್ಚುಕಡಿಮೆ ಇದೇ ಆಕಾರ ಬರುತ್ತದೆ.

ವೆಸ್ಲಿ 1757ರ ನವೆಂಬರಿನಲ್ಲಿ ನಾರಿಚ್ ಊರಿನಲ್ಲಿ ಬೇರೆ ಪಂಗಡದವರ ಎಂಟು ಮೂಲೆಯ ಹೊಸ ಚಾಪೆಲ್ ನೋಡಿದ್ದ. ಥಾಮಸ್ ಐವರಿ ಎಂಬಾತ ಕಟ್ಟಿದ್ದು. ಬಹುಶಃ ಯೂರೋಪಿನಲ್ಲೇ ಇಷ್ಟು ಚೆಂದದ್ದು ಇಲ್ಲ ಅಂತ ಬರೆದುಕೊಂಡ. ಜೊತೆಗೇ, ಇಷ್ಟು ನಯದ ಜಾಗದಲ್ಲಿ ಹಳೇ ಒರಟು ಸುವಾರ್ತೆಗೆ ಪ್ರವೇಶ ಸಿಕ್ಕೀತೇ ಅಂತಲೂ ಕೇಳಿಕೊಂಡ. ಆಕಾರ ಮಾತ್ರ ಮನಸ್ಸಿನಲ್ಲಿ ಕೂತಿತು. ಮುಂದೆ ತನ್ನವರಿಗೆ ನಿಯಮ ಬರೆದಾಗ, ಜಾಗ ಒಪ್ಪಿದ ಕಡೆಯೆಲ್ಲ ಎಂಟು ಮೂಲೆಯಾಗಿಯೇ ಕಟ್ಟಿ, ದನಿಗೆ ಅದೇ ಒಳ್ಳೆಯದು ಅಂದ. ಗೋಡೆಯ ಮೇಲಿಂದ ಚಾವಣಿಯ ಏರು ಅದರ ಅಗಲದ ಮೂರನೇ ಒಂದು ಪಾಲು ಮಾತ್ರ ಇರಲಿ. ಬಾಗಿಲು ಕಿಟಕಿ ಧಾರಾಳವಾಗಿರಲಿ. ಬೆಂಚಿಗೆ ಬೆನ್ನು ಬೇಡ. ಗಂಡಸರಿಗೂ ಹೆಂಗಸರಿಗೂ ನಡುವೆ ಒಂದು ಕಂಬಿ ಇರಲಿ. ಇಷ್ಟೆಲ್ಲ ಬರೆದ. ಎಲ್ಲವೂ ಎಲ್ಲ ಕಡೆ ಉಳಿಯಲಿಲ್ಲ.

ಆ ನಿಯಮಗಳಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಬೇರೆ ಒಂದು. ಮನೆ ಸರಳವಾಗಿರಲಿ, ಅನಿವಾರ್ಯವಾದ್ದಕ್ಕಿಂತ ಒಂದು ಕಾಸೂ ಹೆಚ್ಚು ಖರ್ಚು ಬೇಡ. ಹೆಚ್ಚು ಖರ್ಚಾದರೆ ಸಾಹುಕಾರರು ಬೇಕಾಗುತ್ತಾರೆ. ಅವರ ಹಂಗಿಗೆ ಬಿದ್ದರೆ ಅವರೇ ನಮ್ಮನ್ನು ಆಳುತ್ತಾರೆ. ಇದು ಅವನ ಮಾತಿನ ಸಾರ. ಗಾರೆ ಕಲ್ಲಿನ ಬಗ್ಗೆ ಬರೆಯುತ್ತಾ ಇಷ್ಟು ದೂರ ಯೋಚಿಸಿದವನು ಅವನು.

ಎಂಟು ಮೂಲೆಯಲ್ಲಿ ಉಳಿತಾಯವೂ ಇದೆ. 80 ಅಡಿ ಗೋಡೆಗೆ ಆಗುವಷ್ಟು ಕಲ್ಲು ನಿಮ್ಮ ಹತ್ತಿರ ಇದೆ ಅಂದುಕೊಳ್ಳಿ. ಚೌಕವಾಗಿ ಕಟ್ಟಿದರೆ ಒಳಗೆ 400 ಚದರ ಅಡಿ ಜಾಗ ಸಿಗುತ್ತದೆ. ಅದೇ ಕಲ್ಲಿನಲ್ಲಿ ಹತ್ತತ್ತು ಅಡಿಯ ಎಂಟು ಗೋಡೆ ಎಬ್ಬಿಸಿದರೆ ಸುಮಾರು 483 ಚದರ ಅಡಿ. ಐದರಲ್ಲಿ ಒಂದು ಪಾಲು ಜಾಗ ಜಾಸ್ತಿ. ದುಡ್ಡಿಲ್ಲದ ನೇಕಾರರಿಗೆ ಇದು ಸಣ್ಣ ಮಾತಲ್ಲ. ಜೊತೆಗೆ ಯಾರೂ ದೂರದ ಮೂಲೆಗೆ ಬೀಳುವುದಿಲ್ಲ.

ಕಷ್ಟ ಇರುವುದು ಚಾವಣಿಯಲ್ಲಿ. ಚೌಕದ ಮನೆಗೆ ಚಾವಣಿ ಹಾಕಲು ಯಾವ ಹಳ್ಳಿಯ ಬಡಗಿಗೂ ಬರುತ್ತದೆ. ಎಂಟು ತ್ರಿಕೋನಗಳು ಒಂದೇ ತುದಿಯಲ್ಲಿ ಕೂಡಬೇಕು, ನಡುವೆ ಕಂಬ ನಿಲ್ಲಿಸಬಾರದು, ಭಾರ ಗೋಡೆಗಳನ್ನು ಹೊರಕ್ಕೆ ನೂಕಬಾರದು ಅಂದರೆ ಪಳಗಿದ ಕೈ ಬೇಕು. ರಾದರಂ ಪಟ್ಟಣದಲ್ಲಿ ಮೆಥಡಿಸ್ಟರ ಎಂಟು ಮೂಲೆಯ ಮನೆ ಆಗಲೇ ಎದ್ದಿತ್ತು. ಹೆಪ್ಟನ್‌ಸ್ಟಾಲ್‌ನವರು ಚಾವಣಿಯನ್ನು ಅಲ್ಲೇ ಮಾಡಿಸಿದರು. ರಾದರಂ ಇಲ್ಲಿಂದ 50 ಕಿಲೋಮೀಟರಿಗೂ ಜಾಸ್ತಿ ದೂರ. ತೊಲೆ, ಜಂತಿ ಎಲ್ಲ ಬಿಡಿ ಬಿಡಿಯಾಗಿ ಕುದುರೆಗಳ ಮೇಲೆ ಬಂತು. ಊರಿನವರು ಆ ಕುದುರೆ ಸಾಲನ್ನು ಎದುರುಗೊಂಡು, ಹಾಡು ಹೇಳುತ್ತಾ ಕರೆತಂದರು ಅನ್ನುವುದು ಇಲ್ಲಿಯ ತನಕ ಬಂದಿರುವ ಕಥೆ. ಈ ಗುಡ್ಡವನ್ನು ನಿನ್ನೆ ಬರೀ ಕೈಯಲ್ಲಿ ಹತ್ತಿದ ನನಗೆ ತೊಲೆ ಹೊತ್ತ ಕುದುರೆ ಕಣ್ಣ ಮುಂದೆ ಬಂತು. ಊರಿಗೆ ತೇರು ಬಂದ ಹಾಗೆ ಇದ್ದಿರಬೇಕು.

1764ರಲ್ಲಿ ಕೆಲಸ ಮುಗಿಯುವ ಮೊದಲೇ ವೆಸ್ಲಿ ಬಂದ. ಬರೀ ಗೋಡೆ ಎದ್ದಿದ್ದ ಮನೆಯೊಳಗೆ ನಿಂತೇ ಉಪದೇಶ ಮಾಡಿದ.

ಈಗ ಆ ಉದ್ದ ಗೋಡೆಗೆ ಬರುತ್ತೇನೆ. ಜನ ಬೆಳೆದರು. ಮನೆ ಸಾಲದೆ ಹೋಯಿತು. 1802ರಲ್ಲಿ ಊರಿನವರು ಏನು ಮಾಡಿದರು ಗೊತ್ತಾ? ಹಳೆಯದನ್ನು ಕೆಡವಲಿಲ್ಲ, ಪಕ್ಕದಲ್ಲಿ ಹೊಸದನ್ನೂ ಕಟ್ಟಲಿಲ್ಲ. ಒಂದು ತುದಿಯನ್ನು ಬಿಚ್ಚಿದರು. ಎರಡು ಪಕ್ಕದ ಗೋಡೆಗಳನ್ನು ಮುಂದಕ್ಕೆ ಎಳೆದರು. ಆ ತುದಿಯನ್ನು ಮತ್ತೆ ಅದೇ ಓರೆಯಲ್ಲಿ ಕಟ್ಟಿ ಮುಚ್ಚಿದರು. ಮಗ್ಗದ ಮೇಲಿನ ಬಟ್ಟೆಗೆ ಇನ್ನೊಂದು ಮೊಳ ಸೇರಿಸಿ ನೇಯ್ದ ಹಾಗೆ. ಹಾಸು ಅದೇ, ಅಂಚೂ ಅದೇ, ಉದ್ದ ಮಾತ್ರ ಹೆಚ್ಚು. ಎಂಟು ಗೋಡೆಯ ಲೆಕ್ಕ ತಪ್ಪಲಿಲ್ಲ. ಚಾವಣಿಗೆ ಒಂದೇ ತುದಿ ಇದ್ದ ಕಡೆ ಉದ್ದಕ್ಕೆ ಒಂದು ಏಣು ಬಂತು. ಹಳೇ ಸಮ ಆಕಾರ ಹಾಳಾಯಿತಲ್ಲ ಅಂತ ಬೇಜಾರು ಪಡುವವರಿದ್ದಾರೆ. ನನಗೆ ಹಾಗನ್ನಿಸಲಿಲ್ಲ. ಆಕಾರದ ಅಂದಕ್ಕಿಂತ ಹೊರಗೆ ನಿಂತವರಿಗೆ ಜಾಗ ಮಾಡಿಕೊಡುವುದು ಅವರಿಗೆ ದೊಡ್ಡದಾಗಿ ಕಂಡಿತು. ಆದರೂ ಆ ಎಂಟನ್ನು ಬಿಟ್ಟುಕೊಡಲಿಲ್ಲ. ಅದರ ಮೇಲಿನ ಪ್ರೀತಿಗೆ ಬೇರೆ ಸಾಕ್ಷಿ ಬೇಕಾ?

ಒಳಗೆ ಹೋದಾಗ ಕಣ್ಣಿಗೆ ಮೊದಲು ಬಿದ್ದದ್ದು ಬೆಳಕು. ಹೊರಗಿನ ಕಪ್ಪು ಕಲ್ಲು ನೋಡಿ ಬಂದವರು ಇಷ್ಟು ಬೆಳಕು ನಿರೀಕ್ಷಿಸಿರುವುದಿಲ್ಲ. ಸುತ್ತ ಗ್ಯಾಲರಿ, ಕಂಬಗಳ ಮೇಲೆ ನಿಂತಿದೆ. ಗೋಡೆ ತಿರುಗಿದ ಕಡೆ ಗ್ಯಾಲರಿಯೂ ತಿರುಗುತ್ತದೆ. ಎಲ್ಲಿ ಕೂತರೂ ಬೇರೆಯವರ ಮುಖ ಕಾಣುತ್ತದೆ. ಬೆನ್ನು ಮಾತ್ರ ನೋಡುತ್ತಾ ಕೂರುವ ಜಾಗ ಇಲ್ಲ ಅಂತಲೇ ಹೇಳಬಹುದು.

ನಾನು ಗ್ಯಾಲರಿ ಹತ್ತಿ ತೀರಾ ಹಿಂದಿನ ಬೆಂಚಿನಲ್ಲಿ ಕೂತೆ. ಆ ಹಿರಿಯರು ಉಪದೇಶದ ಪೀಠದ ಹತ್ತಿರ ನಿಂತು, ಮನೆಯಲ್ಲಿ ಪಕ್ಕದವರ ಜೊತೆ ಆಡುವ ದನಿಯಲ್ಲಿ, "ಕೇಳಿಸುತ್ತಾ?" ಅಂದರು. ಕಿವಿಯ ಹತ್ತಿರ ಅಂದ ಹಾಗೆ ಕೇಳಿಸಿತು. ಅವರು ಹಾಡಿನ ಪುಸ್ತಕದ ಹಾಳೆ ಮಗುಚಿದ್ದೂ ಕೇಳಿಸಿತು. "ಈಗ ನಿಮ್ಮ ಭಾಷೆಯಲ್ಲಿ ಏನಾದರೂ ಹೇಳಿ" ಅಂದರು. ಆ ಕ್ಷಣಕ್ಕೆ ಬೇರೆ ಏನೂ ಹೊಳೆಯಲಿಲ್ಲ. ಒಂದು, ಎರಡು, ಮೂರು ಅಂತ ಹತ್ತರ ತನಕ ಎಣಿಸಿದೆ. ಕೆಳಗಿನಿಂದ ಅವರು, "ಇದರಲ್ಲಿ ಎಂಟು ಯಾವುದು?" ಅಂತ ಕೇಳಿದರು. "ಎಂಟು" ಅಂದೆ. "ಎಂಟು" ಅಂತ ಅವರೂ ಅಂದರು. ಟಕಾರ ಸರಿಯಾಗಿ ಬರುವ ತನಕ ಮೂರು ಸಲ ಅಂದರು. ಮೂರೂ ಸಲ ಸ್ಪಷ್ಟವಾಗಿ ಕೇಳಿಸಿತು.

ಹೊರಡುವ ಮೊದಲು ಕೂತಲ್ಲಿಂದಲೇ ಗೋಡೆಗಳನ್ನು ಎಣಿಸಲು ನೋಡಿದೆ. ಆಗಲಿಲ್ಲ. ಎದ್ದು ಗ್ಯಾಲರಿಯಲ್ಲಿ ನಡೆದು ಎಣಿಸಬೇಕಾಯಿತು.

ಮೂರನೇ ದಿನ

ಬಸ್ಸಿನಲ್ಲಿ ಹಾವರ್ತ್‌ಗೆ ಹೋದೆ. ದಾರಿಯುದ್ದಕ್ಕೂ ಬೋಳು ಗುಡ್ಡ, ಬಾಡುತ್ತಿರುವ ನೇರಳೆ ಹೂವಿನ ಪೊದೆ. ಎಲ್ಲರೂ ಹೋಗುವುದು ಕಾದಂಬರಿ ಬರೆದ ಬ್ರಾಂಟೆ ಅಕ್ಕತಂಗಿಯರ ಮನೆ ನೋಡಲು. ನಾನು ಹೋದದ್ದು ಅವರಿಗೂ ಮುಂಚೆ ಆ ಊರಿನ ಪಾದ್ರಿಯಾಗಿದ್ದ ವಿಲಿಯಂ ಗ್ರಿಮ್‌ಶಾನ ಸಲುವಾಗಿ. ಹೆಪ್ಟನ್‌ಸ್ಟಾಲ್‌ಗೆ ಹತ್ತಿರದ ಟಾಡ್‌ಮಾರ್ಡನ್‌ನಲ್ಲಿ ಇದ್ದು, 1742ರಲ್ಲಿ ಹಾವರ್ತ್‌ಗೆ ಬಂದವನು. ಅಧಿಕೃತ ಚರ್ಚಿನಲ್ಲಿದ್ದುಕೊಂಡೇ ವೆಸ್ಲಿಯ ಜೊತೆ ನಿಂತ. ಕುದುರೆ ಏರಿ ಈ ಗುಡ್ಡಗಳೆಲ್ಲ ಸುತ್ತಿದ. ಚರ್ಚಿನಲ್ಲಿ ಉದ್ದದ ಕೀರ್ತನೆ ಹಾಡಲು ಹೇಳಿ, ಅಷ್ಟರಲ್ಲಿ ಹೊರಗೆ ಹೋಗಿ ಹೆಂಡದಂಗಡಿಯಲ್ಲಿದ್ದವರನ್ನು ಅಟ್ಟಿಕೊಂಡು ಬರುತ್ತಿದ್ದ ಅಂತ ಈಗಲೂ ಹೇಳುತ್ತಾರೆ. ತನ್ನ ನಂತರ ಬರುವ ಪಾದ್ರಿ ಹೇಗಿರುತ್ತಾನೋ ಅಂತ 1758ರಲ್ಲೇ ಊರಿನ ಮೆಥಡಿಸ್ಟರಿಗೆ ಒಂದು ಬೇರೆ ಮನೆ ಕಟ್ಟಿಸಿಟ್ಟ. 1763ರಲ್ಲಿ ರೋಗಿಗಳನ್ನು ನೋಡಲು ಹೋಗಿ ಟೈಫಸ್ ಜ್ವರ ಹತ್ತಿಸಿಕೊಂಡು ತೀರಿಕೊಂಡ. ಹೆಪ್ಟನ್‌ಸ್ಟಾಲ್‌ನ ಎಂಟು ಗೋಡೆ ಏಳುವ ಹಿಂದಿನ ವರ್ಷ. ಅದನ್ನು ಅವನು ನೋಡಬೇಕಿತ್ತು.

ಅವನ ಕಾಲದ ಚರ್ಚು ಈಗಿಲ್ಲ. ಗೋಪುರ ಬಿಟ್ಟು ಉಳಿದದ್ದನ್ನೆಲ್ಲ 1879ರಿಂದ 1881ರ ನಡುವೆ ಹೊಸದಾಗಿ ಕಟ್ಟಿದರು. ಮಧ್ಯಾಹ್ನ ಮಳೆ ಜೋರಾಯಿತು. ಬೇಗ ವಾಪಸ್ ಬಂದೆ.

ನಾಲ್ಕನೇ ದಿನ

ಕೊನೆಯ ದಿನ ಯಾರ್ಮ್‌ಗೆ. ಇದು ಉತ್ತರಕ್ಕೆ, ಟೀಸ್ ನದಿ ಮೂರು ಕಡೆ ಬಳಸಿ ಹರಿಯುವ ಪುಟ್ಟ ಪಟ್ಟಣ. ಊರಿನ ತಲೆಯ ಮೇಲೆ 43 ಕಮಾನಿನ ರೈಲು ಸೇತುವೆ ಹಾದುಹೋಗುತ್ತದೆ. ಅದರ ನೆರಳಿನಲ್ಲಿ ನಡೆದು ಮೆಥಡಿಸ್ಟ್ ಚಾಪೆಲ್‌ಗೆ ಹೋದೆ. 1763ರದ್ದು, ಹೆಪ್ಟನ್‌ಸ್ಟಾಲ್‌ಗಿಂತ ಒಂದು ವರ್ಷ ಹಿರಿಯದು. ಇಂಗ್ಲೆಂಡಿನಲ್ಲೇ ಎಲ್ಲಕ್ಕಿಂತ ಸೊಗಸಾದದ್ದು ಅಂತ ವೆಸ್ಲಿ ಹೊಗಳಿದ್ದು ಇದನ್ನೇ.

ಇಲ್ಲಿ ಕಲ್ಲಲ್ಲ, ಇಟ್ಟಿಗೆ. ಬಯಲು ಸೀಮೆ, ನದಿ ಮಣ್ಣು. ಗುಡ್ಡದ ಮಸಿಗಲ್ಲು ನೋಡಿ ಬಂದ ಕಣ್ಣಿಗೆ ಅದರ ಬಣ್ಣ ಬಿಸಿಬಿಸಿಯಾಗಿ ಕಂಡಿತು. ಇಲ್ಲಿ ಎಂಟೂ ಗೋಡೆ ಸಮ. ಯಾರೂ ಎಳೆದು ಉದ್ದ ಮಾಡಿಲ್ಲ. ಹೆಪ್ಟನ್‌ಸ್ಟಾಲ್ 1802ಕ್ಕೆ ಮೊದಲು ಹೇಗಿತ್ತು ಅನ್ನುವ ಅಂದಾಜು ಸಿಗಬೇಕಾದರೆ ಇಲ್ಲಿಗೆ ಬರಬೇಕು.

ಬಾಗಿಲು ತೆರೆದಿತ್ತು. ಒಳಗೆ ಇಬ್ಬರು ಹೂವು ಜೋಡಿಸುತ್ತಿದ್ದರು, ಕೂತುಕೊಳ್ಳಿ ಅಂದರು. ನಡುವಿನ ಒಂದು ಬೆಂಚಿನಲ್ಲಿ ಕೂತೆ. ಹೂವಿನ ದಂಟು ಕತ್ತರಿಸುವ ಕತ್ತರಿಯ ಸದ್ದು ಎಲ್ಲ ಕಡೆಯಿಂದಲೂ ಒಂದೇ ಸಮ ಬರುತ್ತಿತ್ತು. ಕತ್ತು ತಿರುಗಿಸುತ್ತಾ ಗೋಡೆಗಳನ್ನು ಎಣಿಸಿದೆ. ಒಂದು, ಎರಡು, ಮೂರು. ಕೂತಲ್ಲಿಂದ ಏಳದೆಯೇ ಎಂಟು ಮುಗಿಯಿತು. ತುಂಬಾ ಚೆಂದದ ಮನೆ. ಆದರೂ ನನ್ನ ಮನಸ್ಸು ಇದ್ದದ್ದು ಆ ಗುಡ್ಡದ ಮೇಲೆ, ಎದ್ದು ನಡೆದು ಎಣಿಸಿದ ಆ ಎರಡು ಉದ್ದ ಗೋಡೆಗಳ ಹತ್ತಿರ.